ಬೀಸುವ ಕಲ್ಲಿನ ನಕ್ಷತ್ರ

ಕ್ರಾಕುಫ್, 12 ಅಕ್ಟೋಬರ್ 1998

ಮಾನ್ಯ ನಸ್ತಾ ಹ್ರಿಚುಕ್ ಅವರಿಗೆ,

ನನ್ನ ಹೆಸರು ನಿಮಗೆ ಮರೆತಿರಬಹುದು. 1972ರ ಚಳಿಗಾಲದಲ್ಲಿ ಜೌಗು ಬಸಿಯುವ ಕಾಲುವೆಯ ಮೋಜಣಿಗೆಂದು ನಿಮ್ಮ ಊರು ಲುಹಿಗೆ ಬಂದು, ನಿಮ್ಮ ಮನೆಯಲ್ಲಿ ನಲವತ್ತೊಂದು ದಿನ ತಂಗಿದ್ದ ಭೂಮಾಪಕ ನಾನು. ಆಗ ನಿಮಗೆ ಹದಿನಾಲ್ಕು ವರ್ಷ. ನಿಮ್ಮ ಮನೆಯ ನೀಲಿ ಕಿಟಕಿ, ಬಾಗಿಲ ಮುಂದೆ ಮೆಟ್ಟಿಲಾಗಿ ಹಾಸಿದ್ದ ದುಂಡು ಕಲ್ಲು, ಅದರ ಮೇಲೆ ಬೂಟಿನ ಕೆಸರು ಒರೆಸುವಾಗಲೆಲ್ಲ ನಿಮ್ಮ ತಾಯಿ ಬೀರುತ್ತಿದ್ದ ನೋಟ, ಇವೆಲ್ಲ ನನಗೆ ಇನ್ನೂ ನೆನಪಿವೆ.

ಮೋಜಣಿಯನ್ನು ನಾನು ಬಿಟ್ಟು ಇಪ್ಪತ್ತನಾಲ್ಕು ವರ್ಷಗಳಾದವು. ಅಂದಿನಿಂದ ಇಲ್ಲಿನ ಒಂದು ನಿಘಂಟು ಕಚೇರಿಯಲ್ಲಿದ್ದೇನೆ. ಪೋಲಿಷ್, ರಷ್ಯನ್, ಬಲ್ಗೇರಿಯನ್ ಮುಂತಾದ ನುಡಿಗಳು ಒಡೆದು ಬೇರೆಯಾಗುವ ಮೊದಲು ಸ್ಲಾವ್ ಜನರೆಲ್ಲ ಆಡುತ್ತಿದ್ದ ಆದಿನುಡಿಯ ನಿಘಂಟು ಅದು. ಆ ನುಡಿಯನ್ನು ಯಾರೂ ಬರೆದಿಡಲಿಲ್ಲ. ಮಕ್ಕಳ ಮುಖಗಳನ್ನು ಹೋಲಿಸಿ ಸತ್ತ ತಾಯಿಯ ಮುಖವನ್ನು ಬರೆಯುವಂತೆ, ಮರಿನುಡಿಗಳನ್ನು ಹೋಲಿಸಿ ನಾವು ಅದನ್ನು ಮರಳಿ ಕಟ್ಟುತ್ತೇವೆ. ಹೀಗೆ ಕಟ್ಟಿದ ಪ್ರತಿಯೊಂದು ಪದದ ತಲೆಯ ಮೇಲೆ ಒಂದು ಸಣ್ಣ ನಕ್ಷತ್ರ ಇಡುವುದು ನಮ್ಮ ಪದ್ಧತಿ. ಈ ರೂಪವನ್ನು ಯಾರೂ ಕೇಳಿಲ್ಲ, ಇದು ನಮ್ಮ ಊಹೆ ಎಂದು ಅದರ ಅರ್ಥ.

ವಿಷಯಕ್ಕೆ ಬರುತ್ತೇನೆ. 1972ರ ಮಾರ್ಚ್ 9ರಂದು ನಿಮ್ಮ ತಾಯಿ ತೆಕ್ಲಾ ಅವರಿಗೆ ಬೀಸುವ ಕಲ್ಲಿನ ಚಿತ್ರವೊಂದನ್ನು ತೋರಿಸಿ ಅದರ ಹೆಸರು ಕೇಳಿದೆ. ಸುತ್ತಲ ಊರುಗಳಲ್ಲಿ ಎರಡು ಕಲ್ಲುಗಳನ್ನು ಸೇರಿಸಿ ಬಹುವಚನದಲ್ಲೇ ‘ಝೋರ್ನಾ’ ಎನ್ನುತ್ತಾರೆ. ನಿಮ್ಮ ತಾಯಿ ಮಾತ್ರ ಏಕವಚನದಲ್ಲಿ ‘ಝೋರ್ನಿ’ ಎಂದರು; ‘ಕಲ್ಲಿನ’ ಎನ್ನುವಲ್ಲಿ ‘ಝೋರ್ನ್ವೆ’ ಎಂದರು. ಆ ಬಾಲ, ಆ ವಿಭಕ್ತಿ, ಆದಿನುಡಿಯದು. ಹಳೆಯ ಧರ್ಮಗ್ರಂಥಗಳ ಹಾಳೆಗಳಾಚೆ, ಆಡುವ ಬಾಯಿಯಲ್ಲಿ, ಅದನ್ನು ಬೇರೆ ಯಾರೂ ಕೇಳಿದ ದಾಖಲೆ ಇಲ್ಲ.

ನಮ್ಮ ನಿಘಂಟು ಈಗ ಕೊನೆಯ ಅಕ್ಷರಕ್ಕೆ ಬಂದಿದೆ. ಈ ಪದ ಆ ಅಕ್ಷರದಲ್ಲಿದೆ. ಮಾರ್ಚ್ 31ಕ್ಕೆ ಸಂಪುಟ ಮುದ್ರಣಕ್ಕೆ ಹೋಗಬೇಕು. ನಿಮ್ಮ ತಾಯಿ ಇದ್ದಾರೆಯೇ? ಇದ್ದರೆ, ಆ ಪದವನ್ನು ಅವರು ಇಂದಿಗೂ ಹಾಗೆಯೇ ಆಡುತ್ತಾರೆಯೇ? ಎರಡು ಸಾಲು ಸಾಕು. ಬೇಗ ಬರೆದರೆ ಉಪಕಾರ.

ವಿಶ್ವಾಸಿ,
ಲುದ್ವಿಕ್ ಶೆಲಾಂಗ್


ಲುಹಿ, 29 ನವೆಂಬರ್ 1998

ಪಾನ್ ಲುದ್ವಿಕ್ ಅವರಿಗೆ,

ಕಾಗದ ತಲುಪಿ ತಿಂಗಳ ಮೇಲಾಯಿತು. ತಡಕ್ಕೆ ಕಾರಣ ಆಲೂಗೆಡ್ಡೆ, ಆಮೇಲೆ ಎಲೆಕೋಸು, ಆಮೇಲೆ ನನ್ನ ಸೋಮಾರಿತನ. ನಾನೀಗ ನಿಮ್ಮದೇ ಕಾಲುವೆಯ ತೂಬು ಕಾಯುವ ಕೆಲಸದಲ್ಲಿದ್ದೇನೆ. ಬೇಸಿಗೆಯಲ್ಲಿ ಅದರಲ್ಲಿ ಬಾತುಕೋಳಿಗಳು ನಡೆದುಕೊಂಡೇ ಹೋಗುತ್ತವೆ. ನಮ್ಮ ಬಾವಿ ನಾಲ್ಕು ಮೊಳ ಇಳಿದಿದೆ. ದೂರು ಹೇಳುತ್ತಿಲ್ಲ. ಅಳತೆಯವರಿಗೆ ಅಳತೆ ತಿಳಿದಿರಲಿ ಎಂದು ಬರೆದೆ.

ಅಮ್ಮ ಇದ್ದಾಳೆ. ಎಂಬತ್ತಾಯಿತು. ಕಾಲು ಬಾರದು, ಬಾಯಿ ಚೆನ್ನಾಗಿದೆ. ನಿಮ್ಮ ಕಾಗದವನ್ನು ಓದಿ ಹೇಳಿದೆ.

“ಯಾರು, ಆ ಜ್ವರದ ಹುಡುಗನಾ? ಮದುವೆ ಆದನಂತಾ?”

“ಬರೆದಿಲ್ಲಮ್ಮ.”

“ಆಗಿಲ್ಲ ಹಂಗಾದ್ರೆ. ಆಗಿದ್ದೋನು ಕಲ್ಲಿನ ಹೆಸರು ಹುಡುಕ್ಕೊಂಡು ಕೂರ್ತಾನಾ?”

ನೀವು 1974ರಲ್ಲಿ ಅವಳಿಗೆ ಬರೆದ ಕಾಗದ ಇನ್ನೂ ಮೂಲೆಯ ದೇವರ ಪಟದ ಹಿಂದಿದೆ. ‘ನಿಮ್ಮ ಮಾತು ಪುಸ್ತಕದಲ್ಲಿ ಉಳಿಯುತ್ತದೆ’ ಎಂದು ನೀವು ಅದರಲ್ಲಿ ಬರೆದಿದ್ದಿರಿ. ಪಾದ್ರಿ ಬಂದಾಗಲೆಲ್ಲ ಅವಳು ಅದನ್ನು ತೆಗೆಸಿ ಓದಿಸುತ್ತಾಳೆ.

ಪದದ ಬಗ್ಗೆ ಕೇಳಿದೆ. “ಒಲೆಗೆ ಸೌದೆ ಹಾಕು” ಎಂದಳು. ಆಮೇಲೆ, “ಹೇಳಿದ್ದು ಹೌದು ಅಂತ ಬರಿ. ಹೇಳಿದ್ದು ಹೌದಲ್ಲ?” ಎಂದಳು. ಹಾಗೆಂದು ಬರೆದಿದ್ದೇನೆ.

ಜೊತೆಗೆ ಒಣಗಿದ ಅಣಬೆಯ ಒಂದು ಸರ ಕಳಿಸಿದ್ದೇನೆ.

ನಸ್ತಾ


ಕ್ರಾಕುಫ್, 7 ಡಿಸೆಂಬರ್ 1998

ಮಾನ್ಯ ನಸ್ತಾ ಅವರಿಗೆ,

ನಿಮ್ಮ ಪತ್ರಕ್ಕೆ ಕೃತಜ್ಞ. ಅದನ್ನು ಮೂರು ಬಾರಿ ಓದಿದೆ. ‘ಹೌದು’ ಎಂಬ ತಾಯಿಯವರ ಮಾತು ನನಗೆ ಎಷ್ಟು ದೊಡ್ಡದೆಂದು ವಿವರಿಸಲಾರೆ. ಅಣಬೆಗಳೂ ಚೆನ್ನಾಗಿದ್ದವು.

ಈ ಪದದ ವಂಶವನ್ನು ನಿಮಗೆ ಸ್ವಲ್ಪ ತಿಳಿಸಬಯಸುತ್ತೇನೆ. ಲಿಥುವೇನಿಯದ ಹಳ್ಳಿಗಳಲ್ಲಿ ಇದು ‘ಗಿರ್ನೋಸ್’. ಭಾರತದ ವೇದಮಂತ್ರಗಳಲ್ಲಿ ಸೋಮರಸ ಹಿಂಡುವ ಕಲ್ಲನ್ನು ‘ಗ್ರಾವನ್’ ಎನ್ನುತ್ತಾರೆ. ಅದೂ ಇದರ ಒಡಹುಟ್ಟು. ಇವೆಲ್ಲದರ ಹಿಂದೆ ‘ಭಾರ’ ಎಂಬರ್ಥದ ಒಂದು ಧಾತು ಇದ್ದಿರಬೇಕೆಂದು ಹಲವರ ಮತ. ಗಂಗೆಯ ಬಯಲಿಗೂ ನಿಮ್ಮ ಜೌಗಿಗೂ ಒಂದೇ ಕಲ್ಲಿನ ಹೆಸರು ಉರುಳಿಕೊಂಡು ಬಂದಿದೆ. ಅದರ ಅತಿ ಹಳೆಯ ಬಾಲ ಉಳಿದದ್ದು ಒಬ್ಬ ರೈತ ಮಹಿಳೆಯ ನಾಲಿಗೆಯಲ್ಲಿ. ಇದನ್ನು ನಾನು ಮೊದಲು ಗ್ರಹಿಸಿದಾಗ ನನಗೆ ಇಪ್ಪತ್ತಾರು ವರ್ಷ. ಅಳತೆ ಉಪಕರಣಗಳನ್ನು ಮಾರಿ ಇಲ್ಲಿಗೆ ಬಂದದ್ದು ಆ ಒಂದು ಪದದ ಕಾರಣದಿಂದ.

ಆದರೆ ಒಂದು ತೊಡಕಿದೆ. ಈ ಸಂಪುಟದ ಸಂಪಾದಕಿ ಬೊಗ್ನಾ ನನಗಿಂತ ಹದಿನೆಂಟು ವರ್ಷ ಚಿಕ್ಕವರು, ಚುರುಕಿನವರು. ನಿನ್ನೆ ಆ ಪದವನ್ನು ಬರೆದಿಟ್ಟ ನನ್ನ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ ಅವರು ಹೇಳಿದ್ದು ಇದು: “ಒಂದು ಊರು, ಒಂದು ಬಾಯಿ, ಒಂದು ದಿನ. ನೀವೇ ಮೋಜಣಿ ಮಾಡ್ತಿದ್ದಾಗ ಒಂದೇ ಕಡೆ ನಿಂತು ತೆಗೆದ ಅಳತೇನ ಒಪ್ಕೋತಿದ್ರಾ ಸಾರ್?” ನಾನು ಒಪ್ಪುತ್ತಿರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ.

ಧ್ವನಿಮುದ್ರಣವೊಂದಿದ್ದರೆ ನಕ್ಷತ್ರ ತೆಗೆಯಲು ಅವರು ಸಿದ್ಧ. ಆದ್ದರಿಂದ ಪ್ರತ್ಯೇಕ ಪಾರ್ಸೆಲ್ಲಿನಲ್ಲಿ ಒಂದು ಸಣ್ಣ ಟೇಪ್ ರೆಕಾರ್ಡರ್ ಕಳಿಸಿದ್ದೇನೆ. ಕೆಂಪು ಗುಂಡಿ ಒತ್ತಿದರೆ ಸಾಕು. ಒಂದೇ ಒಂದು ನಿಯಮ: ನೀವು ಆ ಪದವನ್ನು ಬಾಯಿಬಿಟ್ಟು ಹೇಳಬಾರದು. ಕೇಳುವವನು ಪದವನ್ನು ಮೊದಲು ಉಚ್ಚರಿಸಿದರೆ ಸಾಕ್ಷಿ ಕೆಟ್ಟಂತೆ. ಚಿತ್ರ ತೋರಿಸಿ, ಸುಮ್ಮನಿದ್ದು, ಕಾಯಿರಿ.

ಹೊಸ ವರ್ಷದೊಳಗೆ ಧ್ವನಿಮುದ್ರಣ ಕೈಸೇರಬಹುದೇ?

ಲುದ್ವಿಕ್ ಶೆಲಾಂಗ್


ಲುಹಿ, 11 ಜನವರಿ 1999

ಪಾನ್ ಲುದ್ವಿಕ್ ಅವರಿಗೆ,

ನಿಮ್ಮ ಪೆಟ್ಟಿಗೆ ಬಂತು. ನಮ್ಮ ಕ್ರಿಸ್ಮಸ್ ಹಳೆಯ ಪಂಚಾಂಗದಂತೆ ಜನವರಿ ಏಳಕ್ಕೆ. ಗೋಧಿ, ಗಸಗಸೆ, ಜೇನಿನ ಕುತ್ಯಾ ಬೇಯಿಸಿ ಆದ ಮೇಲೆ ಕೂತೆವು. ಚಿತ್ರ ತೋರಿಸಿ ಕೆಂಪು ಗುಂಡಿ ಒತ್ತಿದೆ. ಅದರಲ್ಲಿ ದಾಖಲಾದದ್ದು ಹೀಗಿದೆ, ಕೇಳಿಸಿಕೊಂಡು ಬರೆದಿದ್ದೇನೆ.

“ಇದೇನೇ, ಕಣ್ಣು ಕೆಂಪಗೆ ಮಾಡ್ಕೊಂಡು ನೋಡ್ತಿದೆ?”

“ಕೇಳಿಸ್ಕೊಳ್ತಿದೆ ಅಮ್ಮ. ಈ ಚಿತ್ರದಲ್ಲಿರೋದು ಏನು?”

“ನಿನಗೆ ಗೊತ್ತಿಲ್ವಾ?”

“ಗೊತ್ತು. ನೀನು ಹೇಳು.”

“ಗೊತ್ತಿರೋದನ್ನ ಕೇಳೋರು ಇಬ್ರೇ. ಒಬ್ಬ ಪೊಲೀಸು, ಇನ್ನೊಬ್ಬ ಮೇಷ್ಟ್ರು. ನೀನು ಯಾರು?”

ಆಮೇಲೆ ಒಲೆಯ ಸೌದೆ ಸಿಡಿಯುವ ಸದ್ದು. ಆಮೇಲೆ ಬೆಕ್ಕು. ಟೇಪಿನ ಒಂದು ಬದಿ ಮುಗಿಯಿತು.

ಮಾರನೆಯ ದಿನ ಮತ್ತೆ ಯತ್ನಿಸಿದೆ. ಪೆಟ್ಟಿಗೆ ನೋಡಿದ ಕೂಡಲೇ ಹಲ್ಲುನೋವು ಎಂದಳು. ಅವಳ ಬಾಯಲ್ಲಿ ಹಲ್ಲಿಲ್ಲ. ಪೆಟ್ಟಿಗೆ ಈಗ ಬೀರುವಿನ ಮೇಲೆ, ಕಸೂತಿ ಬಟ್ಟೆಯ ಕೆಳಗಿದೆ. ಚೆನ್ನಾಗಿಯೇ ಇದೆ, ಕಳವಳ ಬೇಡ.

ನೀವೇ ಒಮ್ಮೆ ಯೋಚಿಸಿ: ಆ ಪದ ಇಲ್ಲದಿದ್ದರೆ ನಿಮ್ಮ ನಿಘಂಟು ಬಿದ್ದುಹೋಗುತ್ತದೆಯೇ?

ನಸ್ತಾ


ಕ್ರಾಕುಫ್, 1 ಫೆಬ್ರವರಿ 1999

ಮಾನ್ಯ ನಸ್ತಾ ಅವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರ: ಬಿದ್ದುಹೋಗುವುದಿಲ್ಲ. ಹನ್ನೊಂದು ಸಾವಿರ ಪದಗಳಲ್ಲಿ ಒಂದರ ತಲೆಯ ಮೇಲೆ ಒಂದು ಗುರುತು ಇರುತ್ತದೆ ಅಥವಾ ಇರುವುದಿಲ್ಲ, ಅಷ್ಟೆ. ಆದರೆ ಈ ಕೊಠಡಿಯಲ್ಲಿ ನಾನು ಇಪ್ಪತ್ತನಾಲ್ಕು ವರ್ಷ ಜೋಡಿಸಿದ ಕಾರ್ಡುಗಳೆಲ್ಲ ಇತರರು ಕೇಳಿ ಬರೆದವು. ನನ್ನ ಕಿವಿಯಿಂದ ಬಂದದ್ದು ಅದೊಂದೇ.

ಧ್ವನಿಮುದ್ರಣ ಸಾಧ್ಯವಿಲ್ಲವೆಂಬುದನ್ನು ಒಪ್ಪಿದ್ದೇನೆ. ಬೊಗ್ನಾ ಅವರೊಡನೆ ಮತ್ತೆ ಮಾತಾಡಿದೆ. “ಸರಿ ಸಾರ್, ಟೇಪ್ ಬೇಡ. ಆ ದಿನ ಅಲ್ಲಿದ್ದೋರು ಯಾರಾದ್ರೂ ಬರೆದುಕೊಡ್ಲಿ, ನಾನು ಹಟ ಮಾಡಲ್ಲ” ಎಂದರು. ಅಲ್ಲಿದ್ದವರು ನೀವು, ಮೇಜಿನ ಕೊನೆಯಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಿರಿ. ಆದ್ದರಿಂದ ಒಂದು ಹಾಳೆಯನ್ನು ಲಗತ್ತಿಸಿದ್ದೇನೆ. ಅದರಲ್ಲಿ ಎರಡು ವಾಕ್ಯಗಳಿವೆ:

‘ತೆಕ್ಲಾ ಹ್ರಿಚುಕ್ ಅವರು ಈ ಪದವನ್ನು ನನ್ನ ಎದುರು ಹೇಳಿದರು. ಅದಕ್ಕೂ ಮೊದಲು ಪ್ರಶ್ನೆ ಕೇಳಿದವರು ಆ ಮನೆಯಲ್ಲಿ ಈ ಪದವನ್ನು ಉಚ್ಚರಿಸಿರಲಿಲ್ಲ.’

ಕೆಳಗೆ ಸಹಿ ಹಾಕಿ ಕಳಿಸಿದರೆ ಸಾಕು. ಈ ತಿಂಗಳ 20ರೊಳಗೆ ನನಗೆ ತಲುಪಬೇಕು. ದಿನಕ್ಕೆರಡು ಬಾರಿ ಅಂಚೆ ಪೆಟ್ಟಿಗೆ ನೋಡಿಬರುವ ಅಭ್ಯಾಸ ನನಗೆ ಇರಲಿಲ್ಲ, ಈಗ ಆಗಿದೆ.

ಲುದ್ವಿಕ್ ಶೆಲಾಂಗ್


ಲುಹಿ, 14 ಫೆಬ್ರವರಿ 1999

ಪಾನ್ ಲುದ್ವಿಕ್ ಅವರಿಗೆ,

ಹಾಳೆಯನ್ನು ಹಿಂದಕ್ಕೆ ಕಳಿಸಿದ್ದೇನೆ. ಮೊದಲ ವಾಕ್ಯಕ್ಕೆ ನೂರು ಸಹಿ ಹಾಕುತ್ತೇನೆ. ಎರಡನೆಯದಕ್ಕೆ ಆಗುವುದಿಲ್ಲ.

ನಿಮಗೆ ಆ ಫೆಬ್ರವರಿಯಲ್ಲಿ ಒಂಬತ್ತು ದಿನ ಜ್ವರ ಬಂದಿತ್ತು. ಒಲೆಯ ಪಕ್ಕದ ಹಲಗೆಯ ಮೇಲೆ ಮಲಗಿದ್ದಿರಿ. ಎದೆಯ ಮೇಲೆ ನಿಮ್ಮ ಆದಿನುಡಿಯ ಪರೀಕ್ಷೆಯ ಪುಸ್ತಕ ಇತ್ತು. ಅಂಚೆಯಲ್ಲಿ ಓದುತ್ತಿದ್ದೇನೆ, ಮೇ ತಿಂಗಳಲ್ಲಿ ಪರೀಕ್ಷೆ ಎಂದು ನೀವೇ ಹೇಳಿದ್ದಿರಿ. ಜ್ವರದಲ್ಲೂ ಕಣ್ಣು ಮುಚ್ಚಿ ಬೀಸುವ ಕಲ್ಲಿನ ವಿಭಕ್ತಿಗಳನ್ನು ಉರುಹೊಡೆಯುತ್ತಿದ್ದಿರಿ. ಕಲ್ಲು, ಕಲ್ಲಿನ, ಕಲ್ಲಿಗೆ, ಕಲ್ಲನ್ನು. ನಾನು ನಿಮ್ಮನ್ನು ಅಣಕಿಸುತ್ತಾ ಕೋಳಿಗಳಿಗೆ ಅದನ್ನೇ ಹೇಳಿ ಕಾಳು ಹಾಕುತ್ತಿದ್ದೆ. ಅಮ್ಮ ಕಷಾಯ ಕುಡಿಸುತ್ತಾ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: “ಒಂದು ಕಲ್ಲಿಗೆ ಏಳು ಬಾಲ ಯಾಕಪ್ಪ? ತಿರುಗಿಸೋಕೆ ಒಂದು ಗೂಟ ಸಾಕು.”

ಮೂರು ವಾರದ ಮೇಲೆ ನೀವು ಚಿತ್ರ ತಂದು ಕೇಳಿದಿರಿ. ಅಮ್ಮ ನಿಮ್ಮದನ್ನೇ ನಿಮಗೆ ಹೇಳಿದಳು. ನಗು ತಡೆಯಲಾಗದೆ ನಾನು ಎದ್ದು ಹೊರಗೆ ಹೋದೆ. ನೀವು ಬರೆದುಕೊಂಡಿರಿ.

ಅಕ್ಟೋಬರಿನಲ್ಲೇ ಇದನ್ನು ಬರೆಯಬೇಕಿತ್ತು. ಪಟದ ಹಿಂದಿನ ಕಾಗದ ನನ್ನನ್ನು ತಡೆಯಿತು. ಪುಸ್ತಕದಲ್ಲಿ ಇರುತ್ತೇನೆ ಎಂದು ಅವಳು ಇಪ್ಪತ್ತೈದು ವರ್ಷ ನಂಬಿದ್ದಾಳೆ ಎಂದುಕೊಂಡಿದ್ದೆ. ನಿಮ್ಮ ಹಾಳೆ ಬಂದ ಮೇಲೆ ಸಹಿ ಹಾಕಲಾರದೆ ಅವಳನ್ನೇ ಕೇಳಿದೆ: “ಅತಿಥಿ ಮಾತು ಕೆಳಗೆ ಬೀಳಬಾರದು ಅಂತ ಹಂಗೆ ಹೇಳಿದ್ಯಾ ಅಮ್ಮ?” ನಮ್ಮಲ್ಲಿ ಆ ರೂಢಿ ಇದೆ, ನಿಮಗೂ ಗೊತ್ತು. ಪೋಲಿಷರೊಡನೆ ಪೋಲಿಷ್, ಪಾದ್ರಿಯೊಡನೆ ಪಾದ್ರಿಯ ಮಾತು, ಬಂದವರ ಮಾತಿನಲ್ಲೇ ಬಂದವರಿಗೆ ಉತ್ತರ.

ಅವಳು ತಲೆಯಾಡಿಸಿದಳು. ಹಾಗಲ್ಲವೆಂದು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. ನನಗೂ ಇದು ಈ ವಾರದವರೆಗೆ ತಿಳಿದಿರಲಿಲ್ಲ.

“ಅವನು ಅಳತೆಕೋಲು ಹಿಡ್ಕೊಂಡು ಬಂದೋನು. ಚೀಲದ ಮೇಲೆ ಸರ್ಕಾರದ ಮುದ್ರೆ. ನಿಮ್ಮನೇಲಿ ಬೀಸೋ ಕಲ್ಲಿಗೆ ಏನಂತೀರಿ ಅಂತಾನೆ. ಮುದ್ರೆ ಇರೋನು ಬೀಸೋ ಕಲ್ಲು ಕೇಳಿದ್ರೆ ಏನು ಹೇಳೋದು? ಅವನ ಮಾತನ್ನೇ ಅವನ ಕೈಗಿಟ್ಟೆ. ಕಳಿಸ್ದೆ.

“ಜರ್ಮನ್ನರು ಇದ್ದಾಗ ಕಾಳೆಲ್ಲ ಅವರಿಗೆ ಕೊಡ್ಬೇಕಿತ್ತು. ಮನೇಲಿ ಬೀಸಂಗಿಲ್ಲ. ಊರಿನ ಕಲ್ಲೆಲ್ಲ ಒಡೆದು ಹಾಕಿದ್ರು. ನಮ್ಮದೊಂದು ಕೊಟ್ಟಿಗೇಲಿ ಹುಲ್ಲಿನ ಕೆಳಗೆ ಉಳ್ಕೊಂಡಿತ್ತು. ಪಕ್ಕದ ಮನೆಯೋನು ಸೌದೆ ಒಡೆಯೋ ಹೊತ್ತಿಗೆ ಬೀಸ್ತಿದ್ವಿ, ಸದ್ದು ಕೇಳಬಾರದು ಅಂತ. ನನ್ನ ಅತ್ತೆ ದೋಮ್ನಾ, ನಿಮ್ಮಪ್ಪನ ತಾಯಿ, ಭಾರೀ ತಮಾಷೆ ಹೆಂಗ್ಸು. ಆ ಕಲ್ಲಿನ ಹೆಸರು ಎತ್ತಬ್ಯಾಡ ಕಣೇ, ಅತ್ತೆ ಅನ್ನು ಅಂದ್ಲು. ಅದೂ ನನ್ನ ಹಂಗೇ, ಕೂತಲ್ಲೇ ಗೊಣಗುತ್ತೆ, ತಿನ್ನಿಸಿದ್ರೂ ಸುಮ್ಮನಾಗಲ್ಲ. ಯಾರಾದ್ರೂ ಕೇಳಿದ್ರೆ, ಅತ್ತೆ ಗೊಣಗ್ತಿದ್ದಾಳೆ ಅನ್ನು, ಸುಳ್ಳೂ ಆಗಲ್ಲ, ಅಂತ. ನಾವೆಲ್ಲ ಹಂಗೇ ಅಂತಿದ್ವಿ. ಅತ್ತೆ ಎದ್ಲಾ? ಅತ್ತೆಗೆ ಊಟ ಹಾಕಿದ್ಯಾ?

“ನಲವತ್ಮೂರನೇ ಇಸವಿ. ಸೌದೆ ಒಡೆಯೋನು ಅವತ್ತು ಕೈಗೆ ಪೆಟ್ಟಾಗಿ ನಡುವೆ ನಿಲ್ಲಿಸಿದ್ದ, ಕಲ್ಲಿನ ಸದ್ದಲ್ಲಿ ನಮಗೆ ಗೊತ್ತಾಗ್ಲಿಲ್ಲ. ಸಿಪಾಯಿಗಳು ಅಂಗಳಕ್ಕೆ ಬಂದ್ರು. ಅದೇನು ಸದ್ದು ಅಂದ್ರು. ನಾನು ಕಲಿತ ಹಂಗೇ ಹೇಳ್ದೆ, ಅತ್ತೆ ಗೊಣಗ್ತಿದ್ದಾಳೆ ಅಂತ. ಸದ್ದಿದ್ದ ಕಡೆಗೇ ಹೋದ್ರು. ದೋಮ್ನಾ ಮೈಯೆಲ್ಲ ಹಿಟ್ಟು ಮಾಡ್ಕೊಂಡು ಒಬ್ಳೇ ಹೊರಗೆ ಬಂದ್ಲು. ಕಲ್ಲು ನಂದು, ಈ ಹುಡುಗಿಗೆ ಏನೂ ಗೊತ್ತಿಲ್ಲ ಅಂದ್ಲು. ಮೇಲಿನ ಕಲ್ಲು ಒಡೆದ್ರು. ಅವಳನ್ನ ಗಾಡಿಗೆ ಹತ್ತಿಸ್ಕೊಂಡು ಹೋದ್ರು. ಅಷ್ಟೇ. ಗಾಡಿ ಮೇಲಿಂದ ತಿರುಗಿ, ಒಲೆ ಮೇಲೆ ಹಾಲಿದೆ ನೋಡೇ ಅಂದ್ಲು.”

ಕೆಳಗಿನ ಕಲ್ಲನ್ನು ಒಡೆಯಲು ಅವರಿಗೆ ಪುರುಸೊತ್ತಿರಲಿಲ್ಲ. ಅಪ್ಪ ಅದನ್ನು ಮಗುಚಿ ಬಾಗಿಲ ಮುಂದೆ ಹಾಸಿದ. ನೀವು ನಲವತ್ತೊಂದು ದಿನ ಬೂಟು ಒರೆಸಿದ್ದು ಅದರ ಮೇಲೆ. ಅಮ್ಮನ ನೋಟ ಕೆಸರಿಗಾಗಿ ಎಂದು ನೀವು ತಿಳಿದಿದ್ದಿರಿ. ನಾನೂ ಹಾಗೆಯೇ ತಿಳಿದಿದ್ದೆ.

ನಿಮಗೆ ನೋವು ಮಾಡಿದ್ದೇನೆಂದು ಗೊತ್ತು.

ನಸ್ತಾ


ಕ್ರಾಕುಫ್, 26 ಫೆಬ್ರವರಿ 1999

ಮಾನ್ಯ ನಸ್ತಾ ಅವರಿಗೆ,

ನಿಮ್ಮ ಪತ್ರ 18ರಂದು ತಲುಪಿತು. ಉತ್ತರಿಸಲು ಎಂಟು ದಿನ ತೆಗೆದುಕೊಂಡದ್ದಕ್ಕೆ ಕ್ಷಮಿಸಿ.

ನಾನೂ ಒಂದು ವಿಷಯವನ್ನು ಮುಚ್ಚಿಟ್ಟಿದ್ದೆ. 1972ರ ನನ್ನ ಟಿಪ್ಪಣಿ ಪುಸ್ತಕ ನನ್ನ ಬಳಿಯೇ ಇದೆ. ಅದರಲ್ಲಿ ಫೆಬ್ರವರಿ 16ರ ಪುಟದಲ್ಲಿ, ಅಂಕುಡೊಂಕಾದ ಜ್ವರದ ಅಕ್ಷರಗಳಲ್ಲಿ, ಅದೇ ಪದದ ಏಳೂ ವಿಭಕ್ತಿಗಳಿವೆ. ಮಾರ್ಚ್ 9ರ ಪುಟದಲ್ಲಿ ನಿಮ್ಮ ತಾಯಿಯ ಉತ್ತರವಿದೆ. ನಡುವೆ ಹನ್ನೆರಡು ಹಾಳೆಗಳು. ಕಳೆದ ಸೆಪ್ಟೆಂಬರಿನಲ್ಲಿ, ಆ ಕಾರ್ಡನ್ನು ಅಚ್ಚಿಗೆ ಸಿದ್ಧಪಡಿಸುವಾಗ, ಅವೆರಡು ಪುಟಗಳನ್ನು ಒಟ್ಟಿಗೆ ಮೊದಲ ಬಾರಿ ನೋಡಿದೆ. ಗಟ್ಟಿಯಾಗಿ ಓದಿದ್ದೆನೋ ಮನಸ್ಸಿನಲ್ಲೇ ಓದಿಕೊಂಡಿದ್ದೆನೋ ನನಗೆ ನಿಜವಾಗಿ ನೆನಪಿರಲಿಲ್ಲ. ನಿಮಗೆ ಮೊದಲ ಪತ್ರ ಬರೆದದ್ದು ಆ ಕಾರಣಕ್ಕೆ. ಸಹಿಯ ಹಾಳೆ ಕಳಿಸಿದ್ದು ನೀವು ಅದನ್ನು ಮರೆತಿರಬಹುದೆಂಬ ಆಸೆಯಿಂದ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ಸೋಮವಾರ ಬೊಗ್ನಾ ಅವರ ಮೇಜಿನ ಮೇಲೆ ಟಿಪ್ಪಣಿ ಪುಸ್ತಕವನ್ನು ತೆರೆದಿಟ್ಟೆ. ಅವರು ಎರಡೂ ಪುಟಗಳನ್ನು ನೋಡಿದರು. “ಇದನ್ನ ನೀವು ತೋರಿಸ್ದೇ ಇದ್ದಿದ್ರೆ ನನಗೆ ಗೊತ್ತಾಗ್ತಾನೇ ಇರ್ಲಿಲ್ಲ ಸಾರ್” ಎಂದರು. ಹೌದು ಎಂದೆ. ಕರಡಿನಲ್ಲಿ ಆ ಪದದ ಮೇಲೆ ನಾನೇ ನಕ್ಷತ್ರ ಬರೆದೆ. ಲುಹಿಯ ಹೆಸರನ್ನೂ ನಿಮ್ಮ ತಾಯಿಯ ಹೆಸರನ್ನೂ ಹೊಡೆದುಹಾಕಿದೆ. 1974ರಲ್ಲಿ ಕೊಟ್ಟ ಮಾತನ್ನು ಮುರಿದಿದ್ದೇನೆ. ಅದನ್ನು ಅವರಿಗೆ ಹೇಗೆ ತಿಳಿಸಬೇಕೋ ನಿಮಗೆ ಬಿಟ್ಟದ್ದು.

ಇನ್ನೊಂದು ಸಂಗತಿ. ನಿಘಂಟಿನ ಹೊರತಾಗಿ, ಊರುಗಳಲ್ಲಿ ಕೇಳಿದ ಮಾತುಗಳ ಕಾರ್ಡು ಪೆಟ್ಟಿಗೆಗಳು ನಮ್ಮಲ್ಲಿವೆ. ಅವು ಅಚ್ಚಾಗುವುದಿಲ್ಲ, ಕೆಡುವುದೂ ಇಲ್ಲ. ನನ್ನ ಹಳೆಯ ಕಾರ್ಡಿನ ಹಿಂದೆ ಹೊಸದೊಂದನ್ನು ಬರೆದಿದ್ದೇನೆ: ‘ಅತ್ತೆ. ಬೀಸುವ ಕಲ್ಲು. ಮನೆಯವರೊಳಗೆ ಮಾತ್ರ. ಲುಹಿ, 1943.’ ಹೇಳಿದವರ ಹೆಸರಿನ ಜಾಗ ಖಾಲಿ ಇದೆ. ಎಡಮೂಲೆಯೂ ಖಾಲಿ ಇದೆ. ನಕ್ಷತ್ರದ ಜಾಗ ಅದು. ಐವತ್ತಾರು ವರ್ಷ ಮುಚ್ಚಿಟ್ಟು ಕಾಪಾಡಿದ ಮಾತನ್ನು ನಿಮ್ಮ ತಾಯಿಯ ಅನುಮತಿಯಿಲ್ಲದೆ ಪೆಟ್ಟಿಗೆಗೆ ಹಾಕಲು ನನಗೆ ಮನಸ್ಸಿಲ್ಲ. ಬೇಡವೆಂದರೆ ಹರಿದುಹಾಕುತ್ತೇನೆ.

ಆದಿನುಡಿಯಲ್ಲಿ ಅತ್ತೆ ಎಂಬ ಪದವೂ ಬೀಸುವ ಕಲ್ಲೆಂಬ ಪದವೂ ಒಂದೇ ಗುಂಪಿಗೆ ಸೇರಿದ್ದವು. ಎರಡೂ ಒಂದೇ ಬಗೆಯ ಬಾಲಗಳನ್ನು ಹಿಡಿಯುತ್ತಿದ್ದವು. ಇದರಿಂದ ಏನೂ ಸಿದ್ಧವಾಗುವುದಿಲ್ಲ. ನಿಮಗೆ ತಿಳಿಸಬೇಕೆನಿಸಿತು.

ಮಾರ್ಚ್ ಮುಗಿದ ಮೇಲೆ ನಾನು ಈ ಕಚೇರಿಯಲ್ಲಿ ಇರುವುದಿಲ್ಲ. ಈ ನಿರ್ಧಾರ ಹಳೆಯದು. ನಿಮ್ಮ ಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಬಾವಿ ಈಗ ಎಷ್ಟು ಆಳವಿದೆಯೆಂದು ಒಮ್ಮೆ ಅಳೆದು ತಿಳಿಸುವಿರಾ? ನನ್ನ ಹಳೆಯ ಮಟ್ಟಗಳ ಪಟ್ಟಿ ಇಲ್ಲಿದೆ. ತೂಬಿನ ಹಲಗೆಯನ್ನು ಎಲ್ಲಿಗೆ ಏರಿಸಬೇಕೆಂದು ಲೆಕ್ಕ ಹಾಕಿ ನೋಡಬಹುದು.

ಲುದ್ವಿಕ್


ಲುಹಿ, 9 ಮಾರ್ಚ್ 1999

ಪಾನ್ ಲುದ್ವಿಕ್ ಅವರಿಗೆ,

ಬಾವಿ ಬಾಯಿಂದ ನೀರಿಗೆ ಒಂಬತ್ತೂವರೆ ಮೊಳ. ನಿನ್ನೆ ಹಗ್ಗ ಬಿಟ್ಟು ಅಳೆದೆ.

ಪುಸ್ತಕದಲ್ಲಿ ಹೆಸರು ಇರುವುದಿಲ್ಲ ಎಂದು ಹೇಳಲು ಮೂರು ದಿನ ಹಿಂಜರಿದೆ. ಕೊನೆಗೆ ನಿಮ್ಮ ಕಾಗದವನ್ನೇ ಪೂರ್ತಿ ಓದಿಬಿಟ್ಟೆ. ಅಮ್ಮ ಕೈಚಾಚಿದಳು; ಪಟದ ಹಿಂದಿನ ಹಳೆಯ ಕಾಗದ ತೆಗೆದುಕೊಟ್ಟೆ. ಎರಡನ್ನೂ ಜೋಡಿಸಿ ಮಡಿಲಲ್ಲಿಟ್ಟುಕೊಂಡು ಕೂತಳು.

“ಪಾಪ. ನನ್ನಿಂದ ಅವನ ಆಯಸ್ಸೆಲ್ಲ ಕಲ್ಲು ಹೊತ್ತ ಹಂಗಾಯ್ತು” ಎಂದಳು. ಆಮೇಲೆ, “ಆ ಕಾರ್ಡು ಹರೀಬ್ಯಾಡ ಅಂತ ಬರಿ. ಹೆಸರಿನ ಜಾಗದಲ್ಲಿ ನಂದಲ್ಲ, ದೋಮ್ನಾ ಹೆಸರು ಹಾಕ್ಲಿ. ಹೇಳಿದೋಳು ಅವಳು.”

ಹೂಂ ಎಂದೆ.

“ಮೂಲೇಲಿ ಅದೇನೋ ನಕ್ಷತ್ರ ಅಂದ್ಯಲ್ಲ. ಅದು ಯಾರಿಗೆ ಹಾಕ್ತಾರೆ?”

“ಇದ್ದಿರಬೇಕು ಅಂತ ಅಂದ್ಕೋತಾರಲ್ಲ ಅಮ್ಮ, ಆದ್ರೆ ಯಾರೂ ಕಿವಿಯಿಂದ ಕೇಳಿರಲ್ಲ. ಅಂಥ ಮಾತಿಗೆ.”

ಅವಳು ಬಾಗಿಲ ಕಡೆ ತಿರುಗಿದಳು. ಹೊರಗೆ ಹಿಮ ಕರಗಿ, ಮೆಟ್ಟಿಲ ಕಲ್ಲು ಅರ್ಧ ಕಾಣುತ್ತಿತ್ತು.

“ಹಂಗಾದ್ರೆ ದೋಮ್ನಾಗೆ ಬ್ಯಾಡ ಅನ್ನು. ನಾನು ಕೇಳಿದೀನಿ.”

ನಸ್ತಾ